ಕುರ್ದಿ ನೀರು, ಉಪ್ಪು–ಮೆಣಸು, ವೀಳ್ಯದೆಲೆ: ಮನೆಯಲ್ಲೇ ದೃಷ್ಟಿ ತೆಗೆಯುವ, ಪ್ರಶ್ನೆ ನೋಡುವ ಕ್ರಮ

ಕಾಸರಗೋಡಿನ ಕಡೆ ಮಗು ಸಂಜೆ ಹೊತ್ತಿಗೆ ಸುಮ್ಮಸುಮ್ಮನೆ ರಚ್ಚೆ ಹಿಡಿದರೆ, ನಿನ್ನೆ ತನಕ ಸಾಧುವಾಗಿದ್ದ ದನ ಇವತ್ತು ಕರೆಯಲು ಕೂತರೆ ಒದ್ದರೆ, ಮದುಮಕ್ಕಳು ಬಂದು ಹೊಸ್ತಿಲಾಚೆ ನಿಂತರೆ, ಮನೆಯ ಹಿರಿಯ ಹೆಂಗಸಿನ ಕೈ ತಾನಾಗಿ ಅರಸಿನದ ಡಬ್ಬಿಗೋ ಉಪ್ಪಿನ ಭರಣಿಗೋ ಹೋಗುತ್ತದೆ. ದೃಷ್ಟಿ ತೆಗೆಯುವ ಈ ಕೆಲಸಕ್ಕೆ ಮಂತ್ರವಾದಿ ಬರಬೇಕಾಗಿಲ್ಲ, ದಕ್ಷಿಣೆ ಇಡಬೇಕಾಗಿಲ್ಲ. ಆದರೆ ಕ್ರಮ ಬೇಕು. ಕ್ರಮ ಗೊತ್ತಿಲ್ಲದೆ ಮಾಡಿದರೆ ಕುರ್ದಿ ಕೆಂಪಾಗುವುದಿಲ್ಲ, ಮೆಣಸಿನ ಹೊಗೆಗೆ ಮನೆಯವರೆಲ್ಲ ಕೆಮ್ಮುತ್ತಾರೆ, ಎಲೆ ಎಣಿಸಿದರೆ ಯಾವಾಗಲೂ ಒಂದೇ ಗ್ರಹ ಬರುತ್ತದೆ. ಎಲ್ಲದಕ್ಕೂ ಕಾರಣವಿದೆ, ಕಾರಣ ಗೊತ್ತಿದ್ದರೆ ಸರಿಮಾಡಿಕೊಳ್ಳಲು ಸುಲಭ.

ಮೊದಲಿಗೆ ಒಂದು ಕಟ್ಟುಪಾಡು. ಮನೆಯಲ್ಲಿ ತೆಗೆಯುವ ದೃಷ್ಟಿಯಾಗಲಿ, ಹೂವಿನಲ್ಲೋ ಎಲೆಯಲ್ಲೋ ಶಕುನ ಕೇಳುವ ಪ್ರಶ್ನೆಯಾಗಲಿ, ಯಾರ ಕಣ್ಣು ಬಿತ್ತು, ಯಾರು ಮಾಡಿಸಿದರು ಎಂದು ಹುಡುಕುವುದಕ್ಕೆ ಅಲ್ಲ. ನಿವಾಳಿಸುವಾಗ ಹೇಳುವ ಮಾತಿನಲ್ಲೂ ನೋಡಿ: "ಹೋದವರ ಕಣ್ಣು, ಬಂದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಹೆತ್ತವರ ಕಣ್ಣು ಎಲ್ಲ ಹೋಗಲಿ" ಎನ್ನುತ್ತಾರೆ. ಹೆತ್ತ ತಾಯಿಯ ಕಣ್ಣೂ ಅದರಲ್ಲಿ ಸೇರಿದೆ, ಯಾರ ಹೆಸರೂ ಇಲ್ಲ. ನೆರೆಮನೆಯವರ ಹೆಸರು ಹೇಳಿ ನಿವಾಳಿಸಿದಲ್ಲಿಗೆ ಅದು ಜಗಳದ ಬೀಜವಾಯಿತು. ಅಂಥದ್ದಕ್ಕೆ ಈ ಬರಹದಲ್ಲಿ ಜಾಗವಿಲ್ಲ.

ಕುರ್ದಿ ನೀರು

ತುಳುವಿನಲ್ಲಿ ಕುರ್ದಿ, ಮಲಯಾಳದಲ್ಲಿ ಗುರುತಿ. ಅರಸಿನ, ಸುಣ್ಣ, ನೀರು ಇಷ್ಟೇ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟಿನ ಮಳೆಗಾಲದ ತುಳು ತಿಂಗಳು) ಮನೆಮನೆಗೆ ವೇಷ ಬಂದು ಮಾರಿ ಕಳೆಯುವಾಗ ಅರಸಿನ–ಸುಣ್ಣದ ಕೆಂಪು ನೀರು, ಮಸಿ ಕದಡಿದ ಕಪ್ಪು ನೀರು ಎಂದು ಎರಡು ಬಗೆ ಮಾಡಿಡುವ ರೂಢಿಯೂ ಇದೆ. ದಿನದ ಉಪಯೋಗಕ್ಕೆ ಕೆಂಪು ನೀರು ಸಾಕು.

ಅಳತೆ ಹೀಗೆ: ಅರ್ಧ ಲೀಟರು ತಣ್ಣೀರು, ಒಂದು ಟೀ ಚಮಚ ಅರಸಿನ ಪುಡಿ, ಕಡಲೆಕಾಳಿನಷ್ಟು ವೀಳ್ಯದ ಸುಣ್ಣ. ಅಗಲ ಬಾಯಿಯ ಹರಿವಾಣ ಒಳ್ಳೆಯದು. ಅರಸಿನವನ್ನು ಮೊದಲು ಎರಡು ಚಮಚ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿಕೊಳ್ಳಿ, ಆಮೇಲೆ ಉಳಿದ ನೀರು ಹೊಯ್ಯಿರಿ. ಸುಣ್ಣವನ್ನು ಬೇರೆಯಾಗಿ ಒಂದು ಚಮಚ ನೀರಿನಲ್ಲಿ ಕದಡಿ ಕೊನೆಗೆ ಸೇರಿಸಿ. ಸುಣ್ಣದ ನೀರು ಬಿದ್ದ ಜಾಗದಿಂದಲೇ ಹಳದಿಯ ನಡುವೆ ಕೆಂಪು ಎಳೆಗಳು ಹರಡಿಕೊಂಡು ಹೋಗುತ್ತವೆ, ಬೆರಳು ಆಡಿಸಿದರೆ ಹರಿವಾಣವೆಲ್ಲ ದಾಸವಾಳದ ಬಣ್ಣಕ್ಕೆ ತಿರುಗುತ್ತದೆ. ಅರಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿಗೆ ಬರುತ್ತದೆ.

ಇಲ್ಲಿ ಕೈಕೊಡುವುದು ಹೆಚ್ಚಾಗಿ ಸುಣ್ಣ. ಕರಡಿಗೆಯ ಮುಚ್ಚಳ ತೆರೆದಿಟ್ಟು ಒಣಗಿಹೋದ ಸುಣ್ಣ ಗಾಳಿ ಕುಡಿದು ಸತ್ತಿರುತ್ತದೆ, ಅದರಲ್ಲಿ ಕ್ಷಾರ ಉಳಿದಿರುವುದಿಲ್ಲ. ಎಷ್ಟು ಹಾಕಿದರೂ ನೀರು ಮಾಸಲು ಹಳದಿಯಾಗಿಯೇ ಇರುತ್ತದೆ. ಒದ್ದೆ ಸುಣ್ಣವನ್ನೇ ತೆಗೆದುಕೊಳ್ಳಿ, ಮೇಲೆ ಒಂದು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಎರಡನೆಯ ತಪ್ಪು ಪಾತ್ರೆಯದು. ಹಿತ್ತಾಳೆ ಹರಿವಾಣವನ್ನು ಹುಣಸೆಹುಳಿಯಲ್ಲಿ ತಿಕ್ಕಿ ಸರಿಯಾಗಿ ತೊಳೆಯದಿದ್ದರೆ, ಉಳಿದ ಹುಳಿ ಸುಣ್ಣವನ್ನು ತಿಂದುಬಿಡುತ್ತದೆ. ಇದೇ ಕಾರಣಕ್ಕೆ ಕುರ್ದಿಗೆ ನಿಂಬೆಹಣ್ಣು ಹಿಂಡಬಾರದು. ಇಡೀ ನಿಂಬೆಹಣ್ಣು ತೇಲಿಬಿಟ್ಟರೆ ತೊಂದರೆಯಿಲ್ಲ, ಕೊಯ್ದ ಹೋಳು ಬೇಡ.

ಮುಂಚಿನ ದಿನವೇ ಮಾಡಿಡಲೂ ಬಾರದು. ಸುಣ್ಣದ ನೀರಿನಲ್ಲಿ ಆ ಕೆಂಪು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಂದಾಗುತ್ತಾ ಹೋಗುತ್ತದೆ. ದಿಬ್ಬಣ ಗೇಟಿನ ಹತ್ತಿರ ಬಂತು ಎಂದ ಮೇಲೆ ಕಲಸಿದರೆ ಸಾಕು. ಅರಸಿನ ಪೂರ್ತಿ ಕರಗುವ ವಸ್ತುವಲ್ಲ, ತಳದಲ್ಲಿ ಕೂರುತ್ತದೆ. ಎತ್ತುವ ಮೊದಲು ಒಮ್ಮೆ ಕದಡಿಕೊಳ್ಳಿ.

ನಿವಾಳಿಸುವುದು ಹೀಗೆ. ಯಾರಿಗೆ ತೆಗೆಯಬೇಕೋ ಅವರನ್ನು ಮೂಡು ಮುಖ ಮಾಡಿ ನಿಲ್ಲಿಸಿ. ಹರಿವಾಣದ ನೀರಿನ ಮೇಲೆ ಒಂದು ವೀಳ್ಯದೆಲೆ ತೇಲಿಬಿಟ್ಟು ಅದರ ಮೇಲೆ ಸಣ್ಣ ಬಿಲ್ಲೆ ಕರ್ಪೂರ ಹಚ್ಚಬಹುದು. ಎದೆಯ ಮಟ್ಟದಲ್ಲಿ ಹಿಡಿದು ಬಲಸುತ್ತು ಮೂರು, ಎಡಸುತ್ತು ಮೂರು, ಆಮೇಲೆ ತಲೆಯಿಂದ ಪಾದಕ್ಕೆ ಒಮ್ಮೆ ಇಳಿಸಿ. ಎಳೆಮಗುವಿಗಾದರೆ ಕರ್ಪೂರ ಬೇಡವೇ ಬೇಡ, ಹರಿವಾಣ ಮಗುವಿನ ತಲೆಗಿಂತ ಮೇಲೆ ಹೋಗಲೂ ಬಾರದು. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ಸುಡುತ್ತದೆ. ಸಿಡಿದೇಬಿಟ್ಟರೆ ಕೂಡಲೇ ಹರಿಯುವ ನೀರಿನಲ್ಲಿ ಕಾಲು ಗಂಟೆ ಬಿಡದೆ ತೊಳೆದು ಡಾಕ್ಟರಿಗೆ ತೋರಿಸಿ.

ನೀರನ್ನು ಎಲ್ಲಿ ಚೆಲ್ಲುವುದು? ಮೂರು ದಾರಿ ಕೂಡುವಲ್ಲಿ ಎಂದು ಹಲವರು ಹೇಳುತ್ತಾರೆ. ಶಾಲೆ ಮಕ್ಕಳು ನಡೆಯುವ ದಾರಿಯಲ್ಲಿ ಕೆಂಪು ನೀರು ಚೆಲ್ಲಿ ಇನ್ನೊಬ್ಬರಿಗೆ ಹೆದರಿಕೆ ಹುಟ್ಟಿಸುವುದು ಸರಿಯಲ್ಲ. ಸ್ವಂತ ಜಾಗದ ಗಡಿಯಲ್ಲಿ, ಯಾರೂ ತುಳಿಯದ ಕಡೆ ತೆಂಗಿನ ಬುಡದಿಂದ ಒಂದು ಮಾರು ಆಚೆ ಚೆಲ್ಲಿದರೆ ಸಾಕು. ಸಿಮೆಂಟಿನ ಅಂಗಳಕ್ಕೆ ಬಿದ್ದ ಕಲೆಗೆ ನಿಂಬೆರಸ ಉಜ್ಜಿ ಬಿಸಿಲಿಗೆ ಬಿಡಿ; ಕೆಂಪು ಹೋಗಿ ಹಳದಿಯಾಗುತ್ತದೆ, ಹಳದಿಯನ್ನು ಬಿಸಿಲು ನಾಲ್ಕೈದು ದಿನದಲ್ಲಿ ತೆಗೆಯುತ್ತದೆ.

ಉಪ್ಪು, ಮೆಣಸು, ಸಾಸಿವೆ

ಬೇಕಾಗುವುದು ಮೂರು ಒಣಮೆಣಸು, ಒಂದು ಹಿಡಿ ಕಲ್ಲುಪ್ಪು, ಅರ್ಧ ಚಮಚ ಸಾಸಿವೆ. ಕೆಲವು ಮನೆಗಳಲ್ಲಿ ಹಿಡಿಸೂಡಿಯ ಮೂರು ಕಡ್ಡಿ ತುಂಡೂ ಸೇರುತ್ತದೆ. ಮಂಗಳವಾರ, ಆದಿತ್ಯವಾರ, ಅಮಾವಾಸ್ಯೆಯ ಮುಸ್ಸಂಜೆ ಇದಕ್ಕೆ ಪ್ರಶಸ್ತ ಎನ್ನುವುದು ರೂಢಿ.

ಕೆಂಡ ಮೊದಲು ತಯಾರಿರಬೇಕು. ಗ್ಯಾಸ್ ಒಲೆಯ ಮನೆಯಲ್ಲಿ ಕೆಂಡವೆಲ್ಲಿ ಎಂದು ಕೇಳುವವರು ತೆಂಗಿನ ಗೆರಟೆಯ ಎರಡು ತುಂಡು ತೆಗೆದುಕೊಳ್ಳಿ. ಹಳೆ ಕಬ್ಬಿಣದ ಬಾಣಲೆಯಲ್ಲಿ ಇಟ್ಟು ಅಂಗಳದಲ್ಲಿ ಹಚ್ಚಿ, ಉರಿ ಇಳಿದು ಹೊಗೆ ನಿಂತು ಮೇಲೆ ಬೂದಿ ಕಟ್ಟುವ ತನಕ ಕಾಯಿರಿ. ಗ್ಯಾಸಿನ ಬರ್ನರಿನ ಮೇಲೆ ನೇರವಾಗಿ ಮೆಣಸು ಸುಡಬೇಡಿ. ಸಿಡಿದ ಉಪ್ಪು ಬರ್ನರಿನ ತೂತು ಕಟ್ಟಿಸುತ್ತದೆ, ಅಡಿಗೆ ಕೋಣೆಯಲ್ಲಿ ಉಸಿರು ಬಿಡಲು ಆಗುವುದಿಲ್ಲ.

ಬಲಗೈ ಮುಷ್ಟಿಯಲ್ಲಿ ಎಲ್ಲವನ್ನೂ ಹಿಡಿದು, ಕೂತವರ ಸುತ್ತ ಬಲಕ್ಕೆ ಮೂರು, ಎಡಕ್ಕೆ ಮೂರು ಸುತ್ತು, ಆಮೇಲೆ ತಲೆ, ಹೆಗಲು, ಸೊಂಟ, ಮೊಣಕಾಲು, ಪಾದ ಎಂದು ಇಳಿಸುತ್ತಾ ಬನ್ನಿ. ಕೂತವರು ಮುಷ್ಟಿಯ ಕಡೆಗೆ ಮೂರು ಸಲ ತೂ ತೂ ತೂ ಎನ್ನಬೇಕು. ಹಿಂದೆ ತಿರುಗಿ ನೋಡದೆ ಹೋಗಿ ಕೆಂಡಕ್ಕೆ ಹಾಕಿ, ಗಾಳಿ ಬರುವ ದಿಕ್ಕಿಗೆ ಸರಿದು ನಿಲ್ಲಿ. ಕೈಯನ್ನು ಸಾಬೂನು ಹಾಕಿ ಎರಡು ಸಲ ತೊಳೆದ ಮೇಲೆಯೇ ಮಗುವನ್ನು ಮುಟ್ಟಬೇಕು. ಮೆಣಸು ಮುಟ್ಟಿದ ಕೈ ಮಗುವಿನ ಕಣ್ಣಿಗೆ ತಾಗಿದರೆ ತೆಗೆದ ದೃಷ್ಟಿಗಿಂತ ದೊಡ್ಡ ಅಳು ಶುರುವಾಗುತ್ತದೆ.

ಉಪ್ಪು ಚಟಪಟ ಸಿಡಿದರೆ, ಮೆಣಸು ಸುಟ್ಟರೂ ಘಾಟು ಬಾರದಿದ್ದರೆ ದೃಷ್ಟಿ ಇತ್ತೆಂದು ಲೆಕ್ಕ. ಲಕ್ಷಣ ಓದುವ ಮೊದಲು ಕೆಂಡ ನೋಡಿ. ಕಲ್ಲುಪ್ಪಿನ ಹರಳಿನೊಳಗೆ ಸಿಕ್ಕಿಕೊಂಡ ನೀರು ಕಾವಿಗೆ ಆವಿಯಾಗಿ ಹರಳನ್ನು ಒಡೆಯುತ್ತದೆ, ಆ ಸದ್ದೇ ಚಟಪಟ. ಪುಡಿ ಉಪ್ಪು ಹಾಕಿದವರಿಗೆ ಆ ಸದ್ದು ಕೇಳುವುದಿಲ್ಲ. ಘಾಟೂ ಹಾಗೆಯೇ. ಕೆಂಡ ನಿಗಿನಿಗಿ ಇದ್ದು ಮೆಣಸು ಒಮ್ಮೆಲೇ ಉರಿದುಹೋದರೆ ಘಾಟು ಕಡಿಮೆ, ಕೆಂಡ ಸೊರಗಿದ್ದು ಮೆಣಸು ಕಮರುತ್ತಾ ಹೊಗೆಯಾಡಿದರೆ ವಿಪರೀತ. ಆಟಿ ತಿಂಗಳ ಮಳೆಗೆ ತಣಿದು ಮೆತ್ತಗಾದ ಮೆಣಸಾದರೆ ಕೇರಿಯೆಲ್ಲ ಕೆಮ್ಮುತ್ತದೆ. ಹಾಗಾಗಿ ಬಿಸಿಲಿಗೆ ಹಾಕಿ ಗರಿಗರಿಯಾದ ಮೆಣಸನ್ನೇ ಇದಕ್ಕೆಂದು ಸಣ್ಣ ಡಬ್ಬಿಯಲ್ಲಿ ತೆಗೆದಿಡಿ. ದಮ್ಮು ಇರುವವರು ಮನೆಯಲ್ಲಿದ್ದರೆ ಮೆಣಸು ಬಿಟ್ಟು ಉಪ್ಪು–ಸಾಸಿವೆಯಲ್ಲೇ ಮುಗಿಸಿ. ನಿವಾಳಿಸಿದ ಉಪ್ಪನ್ನು ಹರಿಯುವ ನೀರಿಗೆ ಬಿಡುವ ಕ್ರಮವೂ ಇದೆ, ಅದಕ್ಕೆ ಕೆಂಡವೇ ಬೇಡ.

ಹಟ್ಟಿಯ ಒಳಗೆ ಕೆಂಡ ಒಯ್ಯಬೇಡಿ, ಬೈಹುಲ್ಲಿಗೆ ಒಂದು ಕಿಡಿ ಸಾಕು. ದನಕ್ಕೆ ನಿವಾಳಿಸಿ ಅಂಗಳಕ್ಕೆ ಬಂದು ಸುಡಿ. ಮತ್ತೆ, ಒದೆಯುವ ದನದ ಕೆಚ್ಚಲು ಮುಟ್ಟಿ ನೋಡಿ: ಒಂದು ಬದಿ ಬಿಸಿಯಾಗಿ ಗಟ್ಟಿಯಾಗಿದ್ದರೆ, ಹಾಲಿನಲ್ಲಿ ಗಡ್ಡೆ ಬಂದರೆ ಅದು ಕೆಚ್ಚಲು ಬಾವು, ಅದಕ್ಕೆ ದನದ ಡಾಕ್ಟರೇ ಬೇಕು. ಮಗುವಿನ ವಿಷಯದಲ್ಲೂ ಹಾಗೆಯೇ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ, ಮೊಲೆಹಾಲು ಬೇಡವೆನ್ನುವುದು, ನೆತ್ತಿ ಗುಳಿ ಬೀಳುವುದು, ಇವು ಯಾವುದಿದ್ದರೂ ಮೊದಲು ಆಸ್ಪತ್ರೆ. ಉಪ್ಪು ಭರಣಿಯಲ್ಲೇ ಇರುತ್ತದೆ, ಬಂದ ಮೇಲೆ ತೆಗೆಯಬಹುದು.

ದೃಷ್ಟಿಬೊಟ್ಟಿನ ಬಗ್ಗೆ ಒಂದು ಮಾತು. ಕೆನ್ನೆಗೆ, ಅಂಗಾಲಿಗೆ ಇಡಿ, ಕಣ್ಣಿನೊಳಗೆ ಬೇಡ. ಅಂಗಡಿಯ ಕಾಡಿಗೆ, ಸುರುಮದಲ್ಲಿ ಸೀಸ ಇರುವುದುಂಟು. ಮನೆಯಲ್ಲೇ ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಹಿಡಿದ ಮಸಿಗೆ ಎರಡು ಹನಿ ತುಪ್ಪ ಕಲಸಿದರೆ ಬೊಟ್ಟಿಗೆ ಬೇಕಾದಷ್ಟಾಯಿತು. ಬಜೆಯ ತುಂಡು ಪೋಣಿಸಿದ ದಾರವನ್ನು ಮಗು ಬಾಯಿಗೆ ಹಾಕುವ ವಯಸ್ಸಿನಲ್ಲಿ ಕಟ್ಟಬೇಡಿ, ಗಂಟಲಿಗೆ ಸಿಗುತ್ತದೆ. ತರಕಾರಿ ಸಾಲಿಗೆ ಬೆರ್ಚಪ್ಪನೋ ಸುಣ್ಣದ ಬೊಟ್ಟಿಟ್ಟ ಮಡಕೆಯೋ ಇದ್ದರೆ ಸಾಕು, ಅದರಲ್ಲಿ ಹೇಳಿಕೊಡುವಂಥದ್ದು ಏನೂ ಇಲ್ಲ.

ಹೂ ಎತ್ತಿಸುವುದು

ಹೌದು–ಅಲ್ಲ ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಕ್ರಮ ಇಲ್ಲ. ಕೆಂಪು ಹೂ ಒಂದು, ಬಿಳಿ ಹೂ ಒಂದು, ಒಂದೇ ರೀತಿಯ ಎರಡು ಪೊಟ್ಟಣ, ಎತ್ತುವುದಕ್ಕೆ ಒಂದು ಸಣ್ಣ ಮಗು.

ಎಡವುವುದು ಪೊಟ್ಟಣದಲ್ಲಿ. ಕೆಂಪಿಗೆ ಕೇಪಳ, ಬಿಳಿಗೆ ನಂದಿಬಟ್ಟಲು ಹಾಕಿದರೆ ಒಂದು ತೆಳು, ಒಂದು ದಪ್ಪ. ಮಗುವಿನ ಬೆರಳಿಗೆ ಎರಡು ಪೊಟ್ಟಣ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಒಂದೇ ಜಾತಿಯ ಎರಡು ಬಣ್ಣ ತೆಗೆದುಕೊಳ್ಳಿ. ಕೆಂಪು ದಾಸವಾಳ–ಬಿಳಿ ದಾಸವಾಳದ ಎಸಳು, ಇಲ್ಲವೇ ಕೆಂಪು ಕೇಪಳ–ಬಿಳಿ ಕೇಪಳ. ಕಣಗಿಲೆಯಲ್ಲಿ ಎರಡು ಬಣ್ಣವೂ ಸುಲಭವಾಗಿ ಸಿಗುತ್ತದೆಂದು ಅದನ್ನು ಮುಟ್ಟಬೇಡಿ, ಅದು ವಿಷದ ಗಿಡ, ಎತ್ತುವುದು ಮಗು. ಬಾಳೆಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಗೇಣಗಲದ ಎರಡು ಚೌಕ ಕೊಯ್ದು, ಒಂದೇ ರೀತಿ ಮಡಚಿ ಬಾಳೆನಾರಿನಲ್ಲಿ ಕಟ್ಟಿ. ಕಟ್ಟಿದವರೇ ಮಗುವಿನ ಎದುರು ಕೂರಬಾರದು. ಅವರ ಕಣ್ಣು ತಿಳಿಯದೆಯೇ ಒಂದು ಪೊಟ್ಟಣದ ಮೇಲೆ ನಿಲ್ಲುತ್ತದೆ, ಮಗು ಆ ಕಣ್ಣನ್ನೇ ನೋಡಿ ಎತ್ತುತ್ತದೆ. ಇನ್ನೊಬ್ಬರು ಅದಲುಬದಲು ಮಾಡಿ ದೇವರ ದೀಪದ ಮುಂದೆ ಇಡಲಿ.

ಯಾವ ಬಣ್ಣಕ್ಕೆ ಹೌದು ಎಂದು ಪೊಟ್ಟಣ ಕಟ್ಟುವ ಮೊದಲೇ ಬಾಯಿಬಿಟ್ಟು ಹೇಳಿರಬೇಕು. ಪ್ರಶ್ನೆಯೂ ಒಂದೇ ಕವಲಿನದ್ದಾಗಿರಲಿ. "ಈ ಜಾಗ ತೆಗೆದುಕೊಂಡು ಮನೆ ಕಟ್ಟಿದರೆ ಒಳ್ಳೆಯದೋ, ಮಾರಿ ಮಂಗಳೂರಿಗೆ ಹೋಗುವುದೋ" ಎಂಬುದರಲ್ಲಿ ಮೂರು ಪ್ರಶ್ನೆಗಳಿವೆ, ಯಾವ ಹೂವೂ ಅದಕ್ಕೆ ಉತ್ತರ ಹೇಳದು. "ಬರುವ ಬಿಸುವಿನೊಳಗೆ (ಏಪ್ರಿಲ್ ನಡುವಿನ ಹೊಸ ವರ್ಷದ ಹಬ್ಬ) ಮನೆಗೆ ಕಲ್ಲು ಹಾಕಬಹುದೇ" ಎಂದು ಕೇಳಿ.

ಬೇಡದ ಹೂ ಬಂತೆಂದು ಮತ್ತೆ ಎತ್ತಿಸುವುದು ಎಲ್ಲರಿಗೂ ಬರುವ ಆಸೆ. ಎರಡು ಪೊಟ್ಟಣದಲ್ಲಿ ಮೂರು ಸಲ ಎತ್ತಿಸಿದರೆ ನಮಗೆ ಬೇಕಾದ ಹೂ ಒಮ್ಮೆಯಾದರೂ ಬರುವ ಸಂಭವ ಎಂಟರಲ್ಲಿ ಏಳು. ಅಂದ ಮೇಲೆ ಮೂರನೆಯ ಉತ್ತರ ದೇವರದ್ದಲ್ಲ, ನಮ್ಮದೇ. ಒಂದು ವಿಷಯಕ್ಕೆ ಒಂದೇ ಸಲ, ಮತ್ತೆ ಕೇಳುವುದಿದ್ದರೆ ಒಂದು ಮಂಡಲ, ಅಂದರೆ 48 ದಿನ ಕಳೆಯಲಿ. ಮಗು ಇಲ್ಲದ ಮನೆಯಲ್ಲಿ ಅಕ್ಕಿಕಾಳು ಚಿಟಿಕೆ ತೆಗೆದು ಜೋಡಿ ಜೋಡಿಯಾಗಿ ಸರಿಸಿ, ಕೊನೆಗೆ ಒಂದು ಉಳಿಯುತ್ತದೋ ಇಲ್ಲವೋ ನೋಡಬಹುದು. ನುಚ್ಚು ಬೆರೆತ ಅಕ್ಕಿಯಾದರೆ ಅರ್ಧ ಕಾಳನ್ನು ಎಣಿಸುವುದೋ ಬಿಡುವುದೋ ಎಂಬ ತಕರಾರು ಏಳುತ್ತದೆ, ಇಡೀ ಕಾಳನ್ನು ಆರಿಸಿಯೇ ಕೂರಿ.

ವೀಳ್ಯದೆಲೆಯಲ್ಲಿ ನೋಡುವುದು

ತಾಂಬೂಲ ಪ್ರಶ್ನೆ ನಮ್ಮ ಕಡೆಯ ದೈವಜ್ಞರ ದೊಡ್ಡ ವಿದ್ಯೆ. ಅದರ ನಿಯಮಗಳು ಕಣ್ಣೂರು–ತಲಶ್ಶೇರಿ ನಡುವಿನ ಎಡಕ್ಕಾಡಿನಲ್ಲಿ 1649ರ ಸುಮಾರಿಗೆ ರಚನೆಯಾದ ಪ್ರಶ್ನಮಾರ್ಗ ಎಂಬ ಜ್ಯೋತಿಷ ಗ್ರಂಥದಲ್ಲಿವೆ. ಲಗ್ನ, ಗ್ರಹಸ್ಥಿತಿ ಹಾಕಿ ನೋಡುವುದು ಕಲಿತವರ ಕೆಲಸ. ಎಲೆ ಓದುವ ಮೊದಲ ಮೆಟ್ಟಿಲು ಮಾತ್ರ ಮನೆಯಲ್ಲೂ ಆಗುತ್ತದೆ.

ಎಲೆಯ ಕಟ್ಟಿನಿಂದ ಲೆಕ್ಕ ಮಾಡದೆ ಒಂದು ಹಿಡಿ ತೆಗೆಯಿರಿ, 12ಕ್ಕಿಂತ ಕಡಿಮೆ ಆಗದಿರಲಿ. ಅಡಕೆ ಜೊತೆಗಿಟ್ಟು ದೀಪದ ಮುಂದೆ ಪ್ರಶ್ನೆ ಹೇಳಿಕೊಳ್ಳಿ. ಆಮೇಲೆ ಎಲೆ ಎಣಿಸಿ, ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಒಂದು ಕೂಡಿಸಿ, ಏಳರಿಂದ ಭಾಗಿಸಿ. ಉಳಿದ ಶೇಷ 1 ಆದರೆ ರವಿ, 2 ಚಂದ್ರ, 3 ಕುಜ, 4 ಬುಧ, 5 ಗುರು, 6 ಶುಕ್ರ. ಶೇಷ ಉಳಿಯದಿದ್ದರೆ ಶನಿ. 24 ಎಲೆ ಎಂದಿಟ್ಟುಕೊಳ್ಳಿ: 240ಕ್ಕೆ ಒಂದು ಸೇರಿ 241, ಏಳರಿಂದ ಭಾಗಿಸಿದರೆ ಉಳಿಯುವುದು 3, ಕುಜ. ಕುಜ ಬಂದರೆ ವಿಷಯದಲ್ಲಿ ಜಗಳದ ಕಾವಿದೆ ಎಂದು ಓದುತ್ತಾರೆ. ಗುರು, ಬುಧರಿಗೆ ಲಾಭ, ಚಂದ್ರನಿಗೆ ಸುಖ, ರವಿಗೆ ದುಃಖ.

ಎಲೆಗಳನ್ನು ಕಟ್ಟು ಕಟ್ಟಾಗಿಯೇ, ಎಣಿಕೆ ಗೊತ್ತಿದ್ದೂ ಇಟ್ಟರೆ ಈ ಲೆಕ್ಕ ಕೆಡುತ್ತದೆ. 100 ಎಲೆಯ ಕಟ್ಟಿಗೆ ಯಾವಾಗಲೂ ಶನಿಯೇ ಬರುವುದು, 50ಕ್ಕೆ ಯಾವಾಗಲೂ ಬುಧ, 25ಕ್ಕೆ ಶುಕ್ರ, ಏಳರ ಮಗ್ಗಿಯಲ್ಲಿರುವ ಯಾವ ಸಂಖ್ಯೆಗೂ ರವಿ. ಶನಿ ಬಂತೆಂದು ಹೆದರುವ ಮೊದಲು ಎಲೆ ಎಣಿಸಿ ತಂದದ್ದೋ ಹಿಡಿಯಲ್ಲಿ ತೆಗೆದದ್ದೋ ನೋಡಿಕೊಳ್ಳಿ.

ಮುಂದಿನದು ಎಲೆಗಳ ಮೈ ನೋಡುವುದು, ಇದೇ ನಿಧಾನದ ಕೆಲಸ. ಮಧ್ಯಾಹ್ನದೊಳಗಾದರೆ ಮೇಲಿನ ಎಲೆಯಿಂದ, ಮಧ್ಯಾಹ್ನ ಕಳೆದರೆ ಅಡಿಯ ಎಲೆಯಿಂದ ಶುರುಮಾಡಿ ಹನ್ನೆರಡು ಎಲೆ ಸಾಲಾಗಿ ಹಾಸಿ. ಮೊದಲನೆಯದು ಕೇಳಿದವರ ದೇಹ, ಎರಡು ಹಣ ಮತ್ತು ಮಾತು, ಮೂರು ಒಡಹುಟ್ಟಿದವರು, ನಾಲ್ಕು ತಾಯಿ ಮತ್ತು ಮನೆ, ಐದು ಮಕ್ಕಳು, ಆರು ರೋಗ–ಸಾಲ, ಏಳು ಗಂಡ ಅಥವಾ ಹೆಂಡತಿ, ಎಂಟು ಆಯುಸ್ಸು, ಒಂಬತ್ತು ಭಾಗ್ಯ, ಹತ್ತು ಉದ್ಯೋಗ, ಹನ್ನೊಂದು ಲಾಭ, ಹನ್ನೆರಡು ಖರ್ಚು. ತೂತು, ಹರುಕು, ಬಾಡಿದ ಅಂಚು ಯಾವ ಎಲೆಯಲ್ಲಿದೆಯೋ ಆ ಭಾವಕ್ಕೆ, ಅಂದರೆ ಬಾಳಿನ ಆ ವಿಷಯಕ್ಕೆ, ಪೀಡೆ ಎನ್ನುತ್ತಾರೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಹುಳ ತಿಂದ ಸೂಜಿಮೊನೆಯಷ್ಟು ತೂತು ಹಾಗೆ ಹಿಡಿದರೆ ಮಾತ್ರ ಕಾಣುತ್ತದೆ. ಆದರೆ ಕಟ್ಟಿನ ಬಾಳೆನಾರು ಬಿಗಿದು ಹೊರಗಿನ ಎಲೆಗಳ ಅಂಚು ಹರಿಯುವುದು, ಫ್ರಿಜ್ಜಿನಲ್ಲಿಟ್ಟ ಎಲೆ ಕಪ್ಪಾಗುವುದು ಲಕ್ಷಣವಲ್ಲ. ಅವತ್ತೇ ಕೊಯ್ದ ಎಲೆಯಲ್ಲಿ ನೋಡಿದರೆ ಈ ಸಂಶಯವೇ ಬರುವುದಿಲ್ಲ. ಎಂಟನೆಯ ಎಲೆ ಹರಿದಿತ್ತೆಂದು ಮನೆಯ ಹಿರಿಯರ ಎದುರು ಆಡಿಬಿಡಬೇಡಿ.

ಹೊತ್ತು ನೋಡುವಾಗ ಅರ್ಧ ಗಂಟೆಯ ತಪ್ಪು

ಇಷ್ಟೆಲ್ಲ ಮಾಡುವವರು ರಾಹುಕಾಲ ತಪ್ಪಿಸುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರ ಏಳೂವರೆಯಿಂದ ಒಂಬತ್ತು ಎಂದಿರುತ್ತದೆ. ಅದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂದಿಟ್ಟುಕೊಂಡ ಲೆಕ್ಕ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯದಲ್ಲಿ, ಕಾಸರಗೋಡು ಇರುವುದು 75 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ಅರ್ಧ ಗಂಟೆ ತಡ.

ಸರಿಯಾದ ಕ್ರಮ: ಆ ದಿನದ ಸೂರ್ಯೋದಯ–ಸೂರ್ಯಾಸ್ತದ ನಡುವಿನ ಹೊತ್ತನ್ನು ಎಂಟು ಪಾಲು ಮಾಡಿ. ಸೋಮವಾರ ಎರಡನೆಯ ಪಾಲು, ಶನಿವಾರ ಮೂರು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಆದಿತ್ಯವಾರ ಎಂಟು. ಸೂರ್ಯೋದಯ 6.30, ಅಸ್ತ 6.38 ಇರುವ ಸೋಮವಾರ ಒಟ್ಟು 728 ನಿಮಿಷ, ಪಾಲಿಗೆ 91. ರಾಹುಕಾಲ 8.01ರಿಂದ 9.32. ಕ್ಯಾಲೆಂಡರು ನೋಡಿ ಒಂಬತ್ತು ಹೊಡೆದ ಕೂಡಲೇ ಹೊರಟವರು ರಾಹುಕಾಲದಲ್ಲೇ ಹೊರಟಿರುತ್ತಾರೆ. ಮಕರ ತಿಂಗಳಲ್ಲಿ ಉದಯ ಏಳರ ಹತ್ತಿರಕ್ಕೆ ಹೋಗುವುದರಿಂದ ವ್ಯತ್ಯಾಸ ಇನ್ನೂ ಹೆಚ್ಚು. ದಿನದಲ್ಲಿ ಹೀಗೆಯೇ ಲೆಕ್ಕ ಹಾಕುವ ಇನ್ನೊಂದು ಹೊತ್ತಾದ ಗುಳಿಕಕಾಲಕ್ಕೂ ಅದೇ ಎಂಟು ಪಾಲು, ಶನಿವಾರ ಮೊದಲನೆಯದು, ಅಲ್ಲಿಂದ ಹಿಂದಕ್ಕೆ ಶುಕ್ರವಾರ ಎರಡು, ಗುರುವಾರ ಮೂರು ಎಂದು ಆದಿತ್ಯವಾರಕ್ಕೆ ಏಳನೆಯ ಪಾಲು ಬರುತ್ತದೆ.

ಪ್ರಶ್ನೆ ನೋಡಿದ ದಿನ, ಕೇಳಿದ ಮಾತು, ಬಂದ ಹೂ ಅಥವಾ ಎಲೆಯ ಸಂಖ್ಯೆ ಇವನ್ನು ಪಂಚಾಂಗದ ಹಿಂಬದಿಯ ಖಾಲಿ ಹಾಳೆಯಲ್ಲಿ ಅವತ್ತೇ ಬರೆದಿಡಿ, ಮುಂದೆ ಆದದ್ದನ್ನು ಬರೆಯಲು ಎದುರು ಎರಡು ಗೆರೆ ಜಾಗ ಬಿಡಿ. ಬಿಸು ಬಂದು ಪಂಚಾಂಗ ಬದಲಿಸುವಾಗ ಆ ಹಾಳೆಯನ್ನು ಹರಿದು ತೆಗೆದಿಟ್ಟುಕೊಳ್ಳಿ. ಪ್ರಶ್ನೆಗೆ ಇಟ್ಟ ಎಲೆಗಳಲ್ಲಿ ಚೆನ್ನಾಗಿರುವುದನ್ನು ಮನೆಯವರು ಅಡಕೆಯೊಂದಿಗೆ ಅಗಿಯದೆ ತುಳಸಿಕಟ್ಟೆಯ ಬುಡಕ್ಕೆ ಹಾಕುವುದು ವಾಡಿಕೆ.